ನಾನು ಹೂಂ ಅನ್ನದ ವರ್ಷ

ಹೋದ ವಾರ ಅವ್ವನ ಕಣ್ಣು ತೋರಿಸಲು ದುರ್ಗಕ್ಕೆ ಹೋಗಿದ್ದೆ. ಕಣ್ಣಿಗೆ ಔಷಧಿ ಬಿಟ್ಟಿದ್ದರು, ಸಂಜೆಯ ತನಕ ಎಲ್ಲ ಮಂಜು ಮಂಜು ಕಾಣುತ್ತದೆ ಅಂದಿದ್ದರು. ಅವಳ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆಸಿಕೊಂಡು ಬರುವಾಗ ದಾರಿಯ ಮೈದಾನದಲ್ಲಿ ಶಾಮಿಯಾನ ಹಾಕುತ್ತಿದ್ದರು. ವರ್ಷವೆಲ್ಲ ಗೋದಾಮಿನಲ್ಲಿ ಮಡಚಿಟ್ಟ ಬಟ್ಟೆಯನ್ನು ಬಿಸಿಲಿಗೆ ಬಿಚ್ಚಿದಾಗ ಒಂದು ಮುಗ್ಗಲು ವಾಸನೆ ಬರುತ್ತದಲ್ಲ, ಅದು ರಸ್ತೆಯ ತನಕ ಬಂತು. ಅವ್ವ ನಿಂತುಬಿಟ್ಟಳು.

"ಇದೇ ಅಲ್ಲೇನಲೇ ಆ ಜಾಗ?"

"ಯಾವ ಜಾಗ?" ಅಂದೆ, ಗೊತ್ತಿಲ್ಲದವನ ಹಾಗೆ.

ಅಷ್ಟರಲ್ಲಿ ಮೈಕು ಕಟ್ಟಿದ ಆಟೋ ಒಂದು ಕೂಗುತ್ತಾ ಬಂತು. ಕಲಾ ಉತ್ಸವ, ಮೂರು ದಿನ, ಎಲ್ಲರಿಗೂ ಉಚಿತ ಪ್ರವೇಶ, ಕೊನೆಯ ದಿನ ನಗೆಗಾಳಿ ಪ್ರಶಸ್ತಿ. ಹಿಂದೆ ಪ್ರಶಸ್ತಿ ಪಡೆದವರ ಹೆಸರುಗಳನ್ನೂ ಕೂಗಿದ. ಅದರಲ್ಲಿ ನನ್ನ ತಂಗಿಯ ಹೆಸರಿತ್ತು. ಅದರ ಬೆನ್ನಿಗೇ ನನ್ನ ಹೆಸರೂ ಇತ್ತು.

"ನಡಿ, ಬಸ್ಸಿಗೆ ಹೋಗಾಣ," ಅಂದಳು ಅವ್ವ. ಬಸ್ಸಿನಲ್ಲಿ ಅವಳು ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು ಕೂತಳು. ನಾನು ಕಿಟಕಿಯ ಕಡೆಗೆ ಮುಖ ಮಾಡಿ ಕೂತೆ. ಆ ವರ್ಷ ನಡೆದದ್ದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಬಾಯಲ್ಲಿ ಹೇಳುವುದಕ್ಕಿಂತ ಇದೇ ಸುಲಭ ಅನ್ನಿಸಿತು.

ನಮ್ಮ ಹಟ್ಟಿ ಇರುವುದು ರಾಮಗಿರಿಯಿಂದ ಒಳಗೆ. ಕುರಿಯವರು ನಾವು. ಹಟ್ಟಿಯ ಬೆನ್ನಿಗೆ ಗುಡ್ಡ, ಗುಡ್ಡದ ಮೇಲೆ ಬಂಡೆಗಳ ನಡುವೆ ಒಂದು ದೊಣೆ. ಯಾರೂ ತೋಡಿದ್ದಲ್ಲ, ಮಳೆನೀರು ನಿಂತು ತಾನೇ ಆದ ಗುಂಡಿ. ಬೇಸಿಗೆಯಲ್ಲೂ ಅದರ ತಳ ಕಂಡವರಿಲ್ಲ. ಅಪ್ಪ ಇರುವ ತನಕ ನಮ್ಮ ಕುರಿ ನೀರು ಕುಡಿದದ್ದು ಅಲ್ಲೇ. ಅಪ್ಪ ಹೋದ ಮೇಲೆ ಮಂದೆಯನ್ನು ಅವ್ವ ನೋಡಿಕೊಂಡಳು. ಆಮೇಲೆ ಗುಡ್ಡದ ಮೇಲೆ ಗಾಳಿ ಕಂಪನಿ ಬಂತು. ಗಾಳಿಯಿಂದ ಕರೆಂಟು ಮಾಡುವ ಮೂರು ರೆಕ್ಕೆಯ ದೊಡ್ಡ ಫ್ಯಾನುಗಳನ್ನು ಸಾಲಾಗಿ ನಿಲ್ಲಿಸಿದರು. ತಂತಿ ಕದಿಯುತ್ತಾರೆ ಅಂತ ಸುತ್ತ ಬೇಲಿ ಹಾಕಿ ದೊಡ್ಡ ಕಬ್ಬಿಣದ ಗೇಟು ಇಟ್ಟರು. ದೊಣೆ ಬೇಲಿಯ ಒಳಗೆ ಹೋಯಿತು. ಹಟ್ಟಿಯವರು ಗಲಾಟೆ ಮಾಡಿದಾಗ, ನಿಮ್ಮಲ್ಲೇ ಒಬ್ಬರಿಗೆ ಕೆಲಸ ಕೊಡುತ್ತೇವೆ ಅಂದರು. ಆ ಒಬ್ಬ ನಾನಾದೆ. ಖಾಕಿ ಪ್ಯಾಂಟು, ನೀಲಿ ಅಂಗಿ, ಕಂಪನಿಯ ಗುರುತು ಹೊಲಿದ ಟೋಪಿ ಕೊಟ್ಟರು. ಗೇಟಿನ ಬೀಗದ ಕೈ ಕೊಟ್ಟರು. ನಮ್ಮ ಕುರಿಗಳ ನೀರಿಗೆ ಬೀಗ ಹಾಕುವ ಕೆಲಸಕ್ಕೆ ನಾನೇ ಸೇರಿದೆ ಅನ್ನುವುದು ಮೊದಲ ದಿನ ತಲೆಗೆ ಹೋಗಲಿಲ್ಲ. ಟೋಪಿ ಹಾಕಿಕೊಂಡು ಹೆಂಡತಿಗೆ ತೋರಿಸಿದ್ದೆ.

ಒಂದು ಸಲ ಮುಂಜಾನೆ ಅವ್ವನಿಗೆ ಗೇಟು ತೆಗೆದೆ. ಕುರಿ ಒಳಗೆ ಹೋಗಿ ನೀರು ಕುಡಿದು ಬಂದವು. ಯಾರೂ ನೋಡಲಿಲ್ಲ. ಆದರೆ ಕುರಿ ನಡೆದ ದಾರಿ ಸುಮ್ಮನಿರುತ್ತದೆಯೇ? ಡಾಂಬರಿನ ಮೇಲೆ ಉದ್ದಕ್ಕೂ ಹಿಕ್ಕೆ ಬಿದ್ದಿತ್ತು. ಸೈಟ್ ಸಾಹೇಬರು ಜೀಪು ನಿಲ್ಲಿಸಿ ನೋಡಿದರು, ನನ್ನನ್ನೂ ನೋಡಿದರು. "ಏನಪ್ಪ ತಿಮ್ಮಣ್ಣ, ಇದನ್ನ ಗುಡಿಸಿಬಿಡು," ಅಂದರು. ಅಷ್ಟೇ. ಬೈಯಲಿಲ್ಲ. ನಾನು ಗುಡಿಸಿದೆ. ಅವತ್ತಿನಿಂದ ಅವ್ವನೇ ಗೇಟಿನ ಹತ್ತಿರ ಬರುವುದು ಬಿಟ್ಟಳು. "ಹೆಂಡ್ತಿ ಬಸುರಿ ಅವ್ಳೆ, ಕೆಲಸ ಕಳ್ಕಂಬ್ಯಾಡ," ಅಂದು ಕುರಿಗಳನ್ನು ರೈಲು ಹಳಿ ದಾಟಿಸಿ ಆಚೆಯ ಕೆರೆಗೆ ಹೊಡೆದುಕೊಂಡು ಹೋಗತೊಡಗಿದಳು.

ಆ ವರ್ಷದ ಆಷಾಢದ ಗಾಳಿ ಈಗಲೂ ನನ್ನ ಕಿವಿಯಲ್ಲಿದೆ. ಕಾವಲು ಚೌಕಿಯ ತಗಡು ಇಡೀ ದಿನ ಪಟಪಟ ಬಡಿದುಕೊಳ್ಳುತ್ತಿತ್ತು. ತಟ್ಟೆಯಲ್ಲಿನ ಮುದ್ದೆಯ ಮೇಲೆ ಮಣ್ಣು ಕೂರುತ್ತಿತ್ತು. ಮಾತಾಡಿದರೆ ಮಾತು ಎದುರಿನವನಿಗೆ ಮುಟ್ಟುವ ಮೊದಲೇ ಹಾರಿಹೋಗುತ್ತಿತ್ತು. ಅಂಥ ಒಂದು ದಿನ ತಂಗಿ ರಂಗಿ ಗೇಟಿನ ಹತ್ತಿರ ಬಂದು, "ಅಣ್ಣಯ್ಯ, ನಾನು ಕಾಂಪಿಟೇಶನ್‌ಗೆ ಹೆಸರು ಕೊಟ್ಟೆ," ಅಂತ ಕೂಗಿದಳು.

ರಂಗಿ ಹೊಸದುರ್ಗದಲ್ಲಿ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸೀರೆ ಬಿಚ್ಚಿ ತೋರಿಸುತ್ತಾ ಗಿರಾಕಿಗಳನ್ನು ನಗಿಸುವುದು ಅವಳ ಅಭ್ಯಾಸ. "ಈ ಸೀರೆ ಉಟ್ರೆ ನಿಮ್ಮತ್ತೆಗೆ ಹೊಟ್ಟೆ ಉರೀತದೆ, ಅದಕ್ಕೆ ಬೇರೆ ದುಡ್ಡಿಲ್ಲ, ಫ್ರೀ," ಅನ್ನುತ್ತಿದ್ದಳು. ಅಂಗಡಿಯ ಯಜಮಾನರೇ ಅವಳಿಗೆ ಸುದ್ದಿ ಹೇಳಿದ್ದರು. ದುರ್ಗದ ಕಲಾ ಉತ್ಸವಕ್ಕೆ ಗಾಳಿ ಕಂಪನಿಯವರು ನಗಿಸುವವರಿಗೆ ಒಂದು ಪ್ರಶಸ್ತಿ ಇಟ್ಟಿದ್ದಾರೆ, ಮೊದಲು ತಾಲ್ಲೂಕಿನಲ್ಲಿ, ಆಮೇಲೆ ಹಿರಿಯೂರಿನಲ್ಲಿ, ಕೊನೆಗೆ ದುರ್ಗದಲ್ಲಿ.

"ಯಾವ ಕಂಪನಿ?" ಅಂದೆ.

"ನಿನ್ ಟೋಪಿ ಮ್ಯಾಲೆ ಐತಲ್ಲ, ಅದೇ."

ಹೊಳಲ್ಕೆರೆಯ ಶಾಲೆಯ ಮೈದಾನದಲ್ಲಿ ಮೊದಲ ಸ್ಪರ್ಧೆ. ನಾನು ಪಾಳಿ ಮುಗಿಸಿ ಹಾಗೇ ಬಸ್ಸು ಹತ್ತಿ ಹೋಗಿದ್ದೆ, ಬಟ್ಟೆ ಬದಲಾಯಿಸಿರಲಿಲ್ಲ. ಬೇರೆಯವರೆಲ್ಲ ಮಿಮಿಕ್ರಿ ಮಾಡಿದರು, ಗಂಡ ಹೆಂಡತಿ ಜೋಕು ಹೇಳಿದರು. ರಂಗಿ ಅಪ್ಪನ ಕಂಬಳಿ ಹೆಗಲಿಗೆ ಹಾಕಿಕೊಂಡು ಮೇಲೆ ಹೋದಳು. "ಒಂದೂರಲ್ಲಿ ಒಂದು ಟಗರು ಇತ್ತಂತೆ," ಅಂದಳು. ಅಂದು ನಿಂತಳು. ಜನ ಕಾದರು. ಅವಳೂ ಕಾದಳು.

ಅವಳು ಯಾಕೆ ನಿಂತಳೆಂದು ನನಗೊಬ್ಬನಿಗೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಹೂಂಗುಟ್ಟುವವರಿಲ್ಲದೆ ಕತೆ ಇಲ್ಲ. ಮಂದೆ ನಿಲ್ಲಿಸಿದ ಹೊಲದಲ್ಲಿ ಉಂಡು ಕೂತಾಗ ಅಪ್ಪ ಕತೆ ಹೇಳುತ್ತಿದ್ದ. ಒಂದೊಂದು ಮಾತಿಗೂ ನಾನು ಹೂಂ ಅನ್ನಬೇಕು, ಅಂದರೆ ಮಾತ್ರ ಮುಂದಿನ ಮಾತು. ನನಗೆ ನಿದ್ದೆ ಹತ್ತಿ ಹೂಂ ನಿಂತರೆ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಹಾಗೆ ನಿಂತ ಕತೆಯನ್ನು ಅದೇ ಜನರ ಮುಂದೆ ಮತ್ತೆ ಎತ್ತಬಾರದು ಅನ್ನುವುದು ಅಪ್ಪನ ಕಟ್ಟಳೆ. "ಹೇಳೋನು ಮುಂದೆ ನಡಿಯೋನು, ಹೂಂ ಅನ್ನೋನು ಹಿಂದಿಂದ ಮಂದೆ ಕಾಯೋನು. ಹಿಂದೆ ಯಾರೂ ಇಲ್ಲಾಂದ್ರೆ ಮುಂದಿನೋನು ನಿಂತ್ಕಬೇಕು," ಅನ್ನುತ್ತಿದ್ದ. ರಂಗಿ ಆಗ ಚಿಕ್ಕವಳು, ಅವನ ತೊಡೆಯ ಮೇಲೆ ಕೂತು ಎಲ್ಲ ಕಲಿತಳು.

"ಹೂಂ ಅನ್ನೋರು ಯಾರೂ ಇಲ್ವಲ್ಲ, ಕತೆ ಹೆಂಗೆ ಹೇಳ್ಲಿ?" ಅಂದಳು ಮೈಕಿನಲ್ಲೇ. "ಅಣ್ಣಯ್ಯ, ಬಾರೋ ಮ್ಯಾಲೆ."

ಹೋಗಲೇಬೇಕಾಯಿತು. ಟೋಪಿ ಹಾಕಿಕೊಂಡು, ನೀಲಿ ಅಂಗಿಯಲ್ಲಿ, ಕುರ್ಚಿಯ ತುದಿಗೆ ಬಿಗಿಯಾಗಿ ಕೂತೆ. ಅವಳು ಒಂದು ಮಾತು ಹೇಳಿದಳು, ನಾನು "ಹೂಂ" ಅಂದೆ. ಜನ ನಕ್ಕರು. ಇನ್ನೊಂದು ಮಾತು, ಇನ್ನೊಂದು ಹೂಂ, ಇನ್ನೂ ಜೋರು ನಗು. ಕಾವಲುಗಾರನ ವೇಷದಲ್ಲಿ ಗಂಟು ಮುಖ ಹಾಕಿಕೊಂಡು ಒಬ್ಬ ಹೂಂಗುಟ್ಟುವುದು ಅವರಿಗೆ ತಮಾಷೆಯಾಗಿ ಕಂಡಿತು. ನನಗೆ ಭಯ ಇತ್ತು, ಅದಕ್ಕೇ ಗಂಟು ಮುಖ. ರಂಗಿ ಗೆದ್ದಳು.

ಮಾರನೆಯ ದಿನ ಸೈಟ್ ಸಾಹೇಬರು ಜೀಪಿನಿಂದ ಇಳಿದು ನನ್ನ ಕೈ ಕುಲುಕಿದರು. "ಏನಯ್ಯಾ, ಕಲಾವಿದ! ಟೋಪಿ ಹಾಕ್ಕೊಂಡೇ ಕೂತಿದ್ಯಂತೆ. ಫೋಟೋ ನೋಡಿ ದೊಡ್ಡ ಸಾಹೇಬ್ರಿಗೆ ಖುಷಿಯಾಗಿದೆ. ಮುಂದಿನ ಸಲಾನೂ ಹಂಗೇ ಹೋಗು, ಯೂನಿಫಾರಂ ಇಸ್ತ್ರಿ ಮಾಡ್ಸು." ರಜೆಯನ್ನೂ ತಾವೇ ಕೊಟ್ಟರು. ನನ್ನನ್ನು ಯಾರಾದರೂ ಕೈ ಕುಲುಕಿ ಮಾತಾಡಿಸಿದ್ದು ಅದೇ ಮೊದಲು.

ಹಿರಿಯೂರಿಗೆ ಹೋಗಿದ್ದು ದಸರಾ ಕಳೆದ ಮೇಲೆ. ಅಷ್ಟರಲ್ಲಿ ಗಾಳಿ ತಗ್ಗಿತ್ತು, ಬಿಸಿಲು ಹದವಾಗಿತ್ತು. ಬಸ್ಸಿನಲ್ಲಿ ರಂಗಿ ಹೊಸ ಕತೆ ಕಟ್ಟುತ್ತಾ ಕೂತಿದ್ದಳು, ತುಟಿ ಮಾತ್ರ ಆಡುತ್ತಿತ್ತು. ವೇದಿಕೆ ಹತ್ತಿದ ಮೇಲೇ ನಾನೂ ಅದನ್ನು ಕೇಳಿದ್ದು.

"ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ಲಂತೆ."

"ಹೂಂ."

"ಅಜ್ಜಿಗೊಂದು ಗುಡ್ಡ ಇತ್ತಂತೆ."

"ಹೂಂ."

"ಗುಡ್ಡ ಅಜ್ಜೀದಲ್ಲ, ಸರ್ಕಾರದ್ದು."

"ಹೂಂ."

"ಆದ್ರೆ ಸರ್ಕಾರದ್ದು ಅಂತ ಗುಡ್ಡಕ್ಕೆ ಗೊತ್ತಿರ್ಲಿಲ್ಲ, ಪಾಪ."

"ಹೂಂ."

"ಒಂದಿನ ಎದ್ದು ನೋಡ್ತಾಳೆ, ಗುಡ್ಡದ ಮ್ಯಾಲೆ ಮೂರು ಕೈಯ ದೇವರು ನಿಂತವ್ನೆ! ನಾಕು ಕೈಯೋನು ಗೊತ್ತು, ಎಂಟು ಕೈಯೋಳು ಗೊತ್ತು, ಇವನ್ಯಾವನಪ್ಪ ಮೂರು ಕೈಯೋನು? ಸ್ವಾಮಿ, ನಿನ್ ಇನ್ನೊಂದು ಕೈ ಎಲ್ಲಿ ಅಂದ್ಲು. ಅದು ಕಂಪನಿ ಆಫೀಸಲ್ಲಿ ಐತೆ ಅಂದ್ರಂತೆ."

ನಾನು ಹೂಂ ಅನ್ನುವುದನ್ನೇ ಮರೆಯುವಷ್ಟು ಜನ ಕೂಗಿದರು. ಅಜ್ಜಿ ಆ ದೇವರನ್ನು, ನನ್ನ ಕುರಿ ನೀರಿಗೆ ಬಿಡ್ತೀಯಾ ಅಂತ ಕೇಳುತ್ತಾಳೆ. ದೇವರು ಕೈ ಆಡಿಸುತ್ತಾನೆ, ಬ್ಯಾಡ. ಇನ್ನೊಂದು ಕೈ, ಬ್ಯಾಡ. ಮತ್ತೊಂದು ಕೈ, ಬ್ಯಾಡ. ರಂಗಿ ಕಂಬಳಿಯ ತುದಿ ಹಿಡಿದು ಗರಗರ ತಿರುಗಿಸುತ್ತಾ, "ಗಾಳಿ ಜೋರಾದಂಗೆ ಬ್ಯಾಡ ಬ್ಯಾಡ ಬ್ಯಾಡ ಬ್ಯಾಡ," ಅಂದಾಗ ಮುದುಕರು ಕೂಡ ಕುರ್ಚಿ ಹಿಡಿದುಕೊಂಡು ನಕ್ಕರು. ಕೊನೆಗೆ ಅಜ್ಜಿ, "ಗಾಳಿ ನಿಂತ ಮ್ಯಾಲೆ ಬರ್ತೀನಿ ತಗಾ," ಅಂದು ಮನೆಗೆ ಹೋಗುತ್ತಾಳೆ. ಅಲ್ಲಿಗೆ ನಿಲ್ಲಿಸಿದಳು.

ಹಿಂದಕ್ಕೆ ಬರುವಾಗ ಆದಿವಾಲದಲ್ಲಿ ಇಳಿದು ಟೀ ಕುಡಿದೆವು. ರಂಗಿಯ ಮುಖ ಹೊಳೆಯುತ್ತಿತ್ತು.

"ಅಣ್ಣಯ್ಯ, ಕತೆ ಮುಗಿದಿಲ್ಲ. ದುರ್ಗದಲ್ಲಿ ಗೇಟಿನ ತನಕ ಹೋಗ್ತೀನಿ. ಕಂಪನಿ ದೊಡ್ಡ ಸಾಹೇಬ್ರು ಮುಂದಿನ ಸಾಲಲ್ಲೇ ಕುಂತಿರ್ತಾರಂತೆ."

"ಗೇಟಿನ ಮಾತು ಯಾಕೆ?"

"ಕುರಿಗೆ ದಾರಿ ಕೇಳಾಕೆ. ನಾವು ಅರ್ಜಿ ಹಿಡ್ಕಂಡು ಹೋದ್ರೆ ಬೈತಾರೆ. ನಗ್ತಾ ಇರೋ ಮನುಷ್ಯನ್ನ, ಅಷ್ಟು ಜನದ ಮುಂದೆ, ಸ್ವಾಮಿ ದಿನಕ್ಕೊಂದು ಗಳಿಗೆ ಗೇಟು ತೆಗೀರಿ ಅಂದ್ರೆ ಇಲ್ಲ ಅಂತಾನಾ? ಬಾಯಿ ತೆರೆದಿರ್ತದೆ, ಮುಚ್ಚೋ ಅಷ್ಟ್ರಲ್ಲಿ ಆಯ್ತು ಅಂದುಬಿಟ್ಟಿರ್ತಾನೆ." ಅಂದು ತಾನೇ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅವ್ವ ಹಳಿ ದಾಟೋದು ನೆನೆಸ್ಕಂಡ್ರೆ ನನಗೆ ಅಂಗಡೀಲಿ ಸೀರೆ ಮಡಚಾಕೆ ಆಗಲ್ಲ ಕಣೋ," ಅಂದಳು.

ಅವಳು ಸ್ಪರ್ಧೆಗೆ ಹೆಸರು ಕೊಟ್ಟದ್ದು ಇದಕ್ಕೆ. ಪ್ರಶಸ್ತಿಯ ಆಸೆ ಅವಳಿಗಿರಲಿಲ್ಲ. ನನಗೆ ಅವತ್ತೇ ಗೊತ್ತಾದದ್ದು.

ದೀಪಾವಳಿಯ ಮುಂಚೆ ಸೈಟ್ ಸಾಹೇಬರು ಚೌಕಿಗೆ ಬಂದರು. ಈ ಸಲ ಕೈ ಕುಲುಕಲಿಲ್ಲ, ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತರು. ಅದು ಇನ್ನೂ ಕಷ್ಟವಾಯಿತು.

"ಹಿರಿಯೂರಿನ ವಿಡಿಯೋ ನೋಡ್ದೆ ತಿಮ್ಮಣ್ಣ. ನಿನ್ ತಂಗಿ ಭಾಳ ಚೆನ್ನಾಗಿ ಹೇಳ್ತಾಳೆ. ಮೂರು ಕೈ ದೇವರು, ಚೆನ್ನಾಗಿದೆ, ದೊಡ್ಡ ಸಾಹೇಬ್ರೂ ನಕ್ರು."

"ಹೌದಾ ಸಾರ್."

"ಅಲ್ಲಿಗೇ ಸಾಕು. ಗೇಟು, ದೊಣೆ, ಕುರಿ ನೀರು ಇವೆಲ್ಲ ಬೇಡ. ಪೇಪರ್‌ನೋರು ಬರ್ತಾರೆ. ನಾನು ಹೇಳ್ದೆ ಅಂತ ಹೇಳಬೇಡ. ನೀನು ಅಣ್ಣ, ನಿನ್ ಮಾತು ಕೇಳ್ತಾಳೆ. ನೀನು ನಮ್ಮೋನಲ್ವಾ?"

ಆಯ್ತು ಸಾರ್ ಅಂದೆ. ಅವರು ಬೆದರಿಸಲಿಲ್ಲ. ಕೆಲಸ ತೆಗೆಯುತ್ತೇನೆ ಅನ್ನಲಿಲ್ಲ. ಬೆದರಿಸಿದ್ದರೆ ಮನೆಗೆ ಹೋಗಿ ತಂಗಿಗೆ ಹೇಳುತ್ತಿದ್ದೆ, ಇಬ್ಬರೂ ಸೇರಿ ಬೈದುಕೊಂಡು ಏನಾದರೂ ದಾರಿ ಹುಡುಕುತ್ತಿದ್ದೆವೋ ಏನೋ. ನಮ್ಮೋನಲ್ವಾ ಅಂದವರಿಗೆ ಎದ್ದು ಹೋಗಿ ಗೇಟು ತೆಗೆದುಕೊಟ್ಟೆ.

ರಂಗಿಗೆ ಹೇಳಬೇಕೆಂದು ದಿನಾ ಅಂದುಕೊಂಡೆ. ಹಬ್ಬಕ್ಕೆ ಬಂದಾಗ ಅವಳು ನನ್ನ ಹೆಂಡತಿಗೆ ಎಣ್ಣೆ ಒತ್ತುತ್ತಾ ಕೂತಿದ್ದಳು, ಆಗ ಹೇಳಬಹುದಿತ್ತು. ದುರ್ಗದ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಇದ್ದಳು, ಆಗಲೂ ಹೇಳಬಹುದಿತ್ತು. ಒಂದು ಸಲ, "ರಂಗಿ," ಅಂದೆ.

"ಏನೋ?"

"ಚಳಿ ಅಲ್ವಾ?"

"ಕಂಬಳಿ ಹೊದ್ಕ," ಅಂತ ಅಪ್ಪನ ಕಂಬಳಿಯನ್ನು ನನ್ನ ಮೇಲೆ ಹಾಕಿದಳು.

ಮೈದಾನದಲ್ಲಿ ಜನವೋ ಜನ. ವೇದಿಕೆಯ ಹಿಂದೆ ಕಂಪನಿಯ ಫ್ಯಾನಿನ ದೊಡ್ಡ ಚಿತ್ರ. ಅವ್ವ ಹಟ್ಟಿಯ ಹೆಂಗಸರ ಜತೆ ಬಂದು ಮಧ್ಯದ ಸಾಲಿನಲ್ಲಿ ಕೂತಿದ್ದಳು. ನಮಗಿಂತ ಮುಂಚೆ ಭರಮಸಾಗರದ ಹುಡುಗನೊಬ್ಬ ರಾಜಕಾರಣಿಗಳ ದನಿಯಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ. ಕೆಳಗೆ ಇಳಿಯುವಾಗ, "ಅಕ್ಕಾ, ನಿಮ್ಮ ಮುಂದೆ ನಂದೇನೂ ಇಲ್ಲ ಬಿಡ್ರಿ," ಅಂತ ರಂಗಿಗೆ ಅಂದ. ನಾನು ಕುರ್ಚಿಯಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಅವರ ಬೆನ್ನಿಗೆ ನಿಂತು ಸೈಟ್ ಸಾಹೇಬರು ನನ್ನನ್ನೇ ನೋಡುತ್ತಿದ್ದರು.

ಅಜ್ಜಿ ಬಂದಳು, ಗುಡ್ಡ ಬಂತು, ಮೂರು ಕೈ ದೇವರು ಬಂದ. ನಾನು ಹೂಂ ಅನ್ನುತ್ತಾ ಹೋದೆ. ಹಿರಿಯೂರಿಗಿಂತ ಹೆಚ್ಚು ನಗು. ಆಮೇಲೆ ರಂಗಿ ಕಂಬಳಿ ಬೀಸುವುದನ್ನು ನಿಲ್ಲಿಸಿದಳು.

"ಒಂದಿನ ಗಾಳಿ ನಿಂತ್ಹೋಯ್ತು."

"ಹೂಂ."

"ದೇವರ ಕೈಯೂ ನಿಂತ್ಹೋಯ್ತು. ಟಗರು ಹೇಳ್ತು, ಅಜ್ಜೀ, ದೇವರು ಒಪ್ಕಂಡ ಕಣೇ, ನಡಿ ನಡಿ!"

"ಹೂಂ."

"ಕುರಿ ಎಲ್ಲ ಓಡಿದ್ವು. ಓಡಿ ಹೋಗಿ ನೋಡಿದ್ರೆ ಒಂದು ಗೇಟು. ದೇವರು ಒಪ್ಪಿದ್ರೂ ಗುಡಿ ಬಾಗ್ಲಲ್ಲಿ ಪೂಜಾರಿ ನಿಂತವ್ನೆ. ಖಾಕಿ ಪ್ಯಾಂಟು, ನೀಲಿ ಅಂಗಿ, ತಲೆ ಮ್ಯಾಲೆ ಟೋಪಿ!"

ಸಾವಿರ ಜನ ನನ್ನ ಕಡೆಗೆ ತಿರುಗಿ ನಕ್ಕರು. ನಾನು ಹೂಂ ಅನ್ನಬೇಕಿತ್ತು. ಅನ್ನಲಿಲ್ಲ.

ರಂಗಿ ಕಾದಳು. ನಾನು ಮರೆತೆ ಅಂದುಕೊಂಡು, "ಪೂಜಾರಿ ನಿಂತವ್ನೆ," ಅಂತ ಮತ್ತೆ ಅಂದಳು. ನಾನು ಕಾಲಿನ ಬೂಟು ನೋಡುತ್ತಾ ಕೂತೆ. ಜನ ಇನ್ನೂ ನಕ್ಕರು. ಇದೂ ಆಟದಲ್ಲೇ ಇದೆ ಅಂತ ಅವರು ತಿಳಿದುಕೊಂಡರು. "ನಿದ್ದೆ ಬಂತೇನಪ್ಪ ಪೂಜಾರಪ್ಪ?" ಅಂದಳು ರಂಗಿ. ನಗು. "ಸಂಬಳ ಬಂದಿಲ್ವೇನೋ ಈ ತಿಂಗಳು?" ಯಾರೋ ಶಿಳ್ಳೆ ಹೊಡೆದರು. ನಾನು ಸುಮ್ಮನಿದ್ದಷ್ಟೂ ನಗು ಏರಿತು. ನಿಲ್ಲಿಸಬೇಕೆಂದರೆ ನಾನು ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಕತೆ ಗೇಟು ದಾಟುತ್ತದೆ.

ಅವಳು ಮೈಕು ಬಿಟ್ಟು ನನ್ನ ಹತ್ತಿರ ಬಂದಳು. ಜನರಿಗೆ ಬೆನ್ನು ಮಾಡಿ ನಿಂತು ಮೆಲ್ಲಗೆ, "ಅಣ್ಣಯ್ಯ, ಇನ್ನೊಂದೀಟೇ ಐತೆ. ಅನ್ನೋ," ಅಂದಳು.

ನಾನು ತಲೆ ಎತ್ತಿದೆ. ಅವಳನ್ನು ನೋಡುವ ಬದಲು ನನ್ನ ಕಣ್ಣು ಅವಳ ಹೆಗಲ ಮೇಲಿಂದ ಸೈಟ್ ಸಾಹೇಬರ ಕಡೆಗೆ ಹೋಯಿತು. ಅವಳೂ ಅತ್ತ ತಿರುಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಗಿಹೋಯಿತು. ಮುಖದಲ್ಲಿ ಸಿಟ್ಟು ಬಂದಿದ್ದರೆ ನಾನು ಬದುಕುತ್ತಿದ್ದೆ. ಸಿಟ್ಟು ಬರಲಿಲ್ಲ. ಚಿಕ್ಕ ಮಗು ಎಡವಿದಾಗ ನೋಡುತ್ತೇವಲ್ಲ, ಹಾಗೆ ನೋಡಿದಳು.

ಅದೇ ಹೊತ್ತಿಗೆ ಜನರ ನಡುವಿನಿಂದ "ಹೂಂ" ಅಂತ ಒಂದು ದನಿ ಬಂತು. ಅವ್ವ ಎದ್ದು ನಿಂತಿದ್ದಳು. "ಹೂಂ, ಹೇಳವ್ವ," ಅಂದಳು. ಸುತ್ತಲಿನವರಿಗೆ ಅದೂ ತಮಾಷೆ. ನಗು ಅವಳ ಮೇಲೆ ಬಂದು ಬಿತ್ತು. ಹಿಂದಿನವರು ಕೂರಜ್ಜೀ, ಕೂರಜ್ಜೀ ಅಂತ ಕೂಗಿದರು. ಸಮಯ ಮುಗಿದ ಗಂಟೆ ಹೊಡೆಯಿತು. ರಂಗಿ ಜನರಿಗೆ ಕೈ ಮುಗಿದಳು.

ದೊಡ್ಡ ಸಾಹೇಬರು ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು. ಬಾಯಿ ತೆರೆದೇ ಇತ್ತು. ಕೇಳಿದ್ದರೆ ಅವರು ಆಯ್ತು ಅನ್ನುತ್ತಿದ್ದರು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಪ್ರಶಸ್ತಿ ನಮಗೇ ಬಂತು. ಇಬ್ಬರಿಗೂ ಸೇರಿಸಿ. ದೊಡ್ಡ ಸಾಹೇಬರು ಮೈಕು ಹಿಡಿದು, ಮಾತಾಡಿ ನಗಿಸುವವರನ್ನು ಬೇಕಾದಷ್ಟು ನೋಡಿದ್ದೇನೆ, ಹೀಗೆ ಸುಮ್ಮನೆ ಕೂತು ನಗಿಸುವವನನ್ನು ನೋಡಿದ್ದು ಇದೇ ಮೊದಲು ಅಂದರು. ಪುಟ್ಟ ಫ್ಯಾನಿನ ಆಕಾರದ ಒಂದು ಕಪ್ಪು ಕೊಟ್ಟರು, ಊದಿದರೆ ತಿರುಗುತ್ತಿತ್ತು. ಫೋಟೋ ತೆಗೆದರು. ರಂಗಿ ನಗು ಅಂದಾಗ ನಕ್ಕಳು. ಪೇಪರಿನವರೊಬ್ಬರು, "ಆ ಪೂಜಾರಿ ಕಡೆಗೆ ಏನು ಮಾಡಿದ್ನಮ್ಮ?" ಅಂತ ಕೇಳಿದರು. "ಅಷ್ಟೇ ಸಾರ್ ಕತೆ," ಅಂದಳು.

ವಾಪಸ್ಸು ಹೋಗಲು ಕಂಪನಿಯವರೇ ವ್ಯಾನು ಕೊಟ್ಟರು. ಹಟ್ಟಿಯ ಹೆಂಗಸರು ಹಿಂದೆ ಕೂತು ಕಪ್ಪನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ರಂಗಿ ನನ್ನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಗಂಟಲು ಕಟ್ಟಿತ್ತೇನೋ ಅಣ್ಣಯ್ಯ?" ಅಂದಳು. ನನಗೊಂದು ದಾರಿ ಮಾಡಿಕೊಟ್ಟಳು.

"ಹೌದು ಕಣೇ, ಚಳಿಗೆ," ಅಂದೆ.

"ಮನೆಗೆ ಹೋಗಿ ಬಿಸಿನೀರು ಕುಡಿ."

ಅವ್ವ ಮುಂದಿನ ಸೀಟಿನಲ್ಲಿದ್ದಳು. ತಿರುಗದೆ ಅಂದಳು, "ಅವನ ಗಂಟಲು ಕಟ್ಟಿದ್ದು ಇವತ್ತಲ್ಲ ಬಿಡು."

ಒಂದು ಸಲ ಮಾತ್ರ ಅದರ ಮಾತು ಬಂದದ್ದು ನನಗೆ ಗೊತ್ತು. ನನ್ನ ಹೆಂಡತಿ ರಂಗಿಯನ್ನು ಕೇಳಿದಳಂತೆ, ನಿಮ್ಮಣ್ಣ ಹೂಂ ಅನ್ನದಿದ್ರೆ ಏನಾಯ್ತು, ನೀನೇ ಕೇಳಿಬಿಡಬಹುದಿತ್ತಲ್ಲ ಅಂತ. ಅದಕ್ಕೆ ಅವಳು, "ಅವನಿಗೆ ಬ್ಯಾಡ ಇತ್ತು ಅತ್ತಿಗೆ. ಹಿಂದಿರೋನು ಬರಲ್ಲ ಅಂದ ಮ್ಯಾಲೆ ಮುಂದಿರೋಳು ನಡಿಯಾಕೆ ಆಗ್ತದಾ? ಕೂಸು ಬೇರೆ ಬರೋದಿತ್ತು," ಅಂದಳಂತೆ. ನನ್ನ ಕೆಲಸ ಉಳಿಯಲಿ ಅಂತ ಅವಳು ಕತೆ ಬಿಟ್ಟಳು. ನಾನು ಅವಳಿಗೆ ಮುಂಚೆ ಒಂದು ಮಾತು ಹೇಳಿದ್ದರೆ, ಅಷ್ಟು ಜನರ ನಡುವೆ ಅದನ್ನು ಬಿಡುವ ಸ್ಥಿತಿ ಅವಳಿಗೆ ಬರುತ್ತಿರಲಿಲ್ಲ. ಇನ್ಯಾರನ್ನಾದರೂ ಹೂಂಗುಟ್ಟಲು ಕೂರಿಸಿಕೊಳ್ಳುತ್ತಿದ್ದಳು.

ಆ ಬೇಸಿಗೆ ಬೇಗ ಬಂತು. ಆಚೆಯ ಕೆರೆಯೂ ಅರ್ಧಕ್ಕೆ ಇಳಿದಿತ್ತು, ಕುರಿಗಳನ್ನು ಕೆಸರು ದಾಟಿಸಿ ನೀರಿಗೆ ಬಿಡಬೇಕಿತ್ತು. ಒಂದು ಮಧ್ಯಾಹ್ನ ಅವ್ವ ಹಳಿಯ ಹತ್ತಿರ ಬಂದಾಗ, ದಾಹಕ್ಕೆ ನೀರಿನ ವಾಸನೆ ಹಿಡಿದ ಟಗರು ಅವಳನ್ನು ದಾಟಿ ಓಡಿತು. ಕುರಿ ಜಾತಿ, ಮುಂದಿನದು ಹೋದ ಕಡೆಗೇ ಹಿಂದಿನವು. ಅವು ಹಳಿಯ ಮೇಲಿದ್ದಾಗಲೇ ತಿರುವಿನಲ್ಲಿ ರೈಲು ಬಂತು. ಅವ್ವ ಈಚೆ ಕಡೆ ಉಳಿದಳು. ನಾನು ಗೇಟಿನ ಹತ್ತಿರ ಇದ್ದೆ, ರೈಲಿನ ಕೂಗು ನನಗೂ ಕೇಳಿತ್ತು. ದಿನಾ ಕೇಳುವ ಕೂಗು, ತಲೆ ಎತ್ತಲಿಲ್ಲ.

ಉಳಿದವನ್ನು ಅವ್ವ ಹೊಸದುರ್ಗದ ಸಂತೆಯಲ್ಲಿ ಮಾರಿದಳು. ರಂಗಿ ಅಂಗಡಿಯಿಂದ ಬಂದು ಅವಳ ಪಕ್ಕದಲ್ಲಿ ನಿಂತಿದ್ದಳು. ಕೊಳ್ಳುವವನು ಹಲ್ಲು ನೋಡುತ್ತಿದ್ದ, ಬೆನ್ನು ಹಿಚುಕುತ್ತಿದ್ದ. ನಾನು ಆ ದಿನ ರಜೆ ಕೇಳಿದ್ದರೆ ಕೊಡುತ್ತಿದ್ದರು. ಕೇಳದೆ ಮಧ್ಯಾಹ್ನ ಸುಳ್ಳು ಹೇಳಿ ಹೋಗಿದ್ದೆ, ದೂರದಿಂದ ನೋಡಿ ಬಂದೆ.

ರಂಗಿ ಈಗಲೂ ಅದೇ ಅಂಗಡಿಯಲ್ಲಿದ್ದಾಳೆ. ಗಿರಾಕಿಗಳ ಜತೆ ಬೇಕಾದಷ್ಟೇ ಮಾತು ಅಂತ ಯಜಮಾನರು ಹೇಳುತ್ತಾರೆ. ಮರುವರ್ಷ ಕಂಪನಿಯವರು ಮತ್ತೆ ಕರೆದರು, ಅದೇ ಸುಮ್ಮನೆ ಕೂರುವ ಆಟವನ್ನೇ ಮಾಡಿ ಅಂದರು. ಬರಲ್ಲ ಅಂತ ನಯವಾಗಿ ಹೇಳಿ ಕಳಿಸಿದಳು. ಆದರೆ ಫೋಟೋ ಅವರ ಹತ್ತಿರ ಇತ್ತು. ಅದನ್ನು ದೊಡ್ಡದಾಗಿ ಮಾಡಿಸಿ, ನಮ್ಮ ಹಟ್ಟಿಯ ಹೆಮ್ಮೆ ಅಂತ ಮೇಲೆ ಬರೆಸಿ, ಹೊಸದಾಗಿ ಬಣ್ಣ ಹೊಡೆದ ಗೇಟಿಗೇ ಅಂಟಿಸಿದರು. ಗೇಟಿಗೆ ಎರಡು ರೆಕ್ಕೆ. ಒಂದರ ಮೇಲೆ ಕಪ್ಪು ಹಿಡಿದು ನಗುವ ರಂಗಿ, ಇನ್ನೊಂದರ ಮೇಲೆ ಟೋಪಿ ಹಾಕಿ ಬಾಯಿ ಮುಚ್ಚಿ ನಿಂತ ನಾನು.

ಮೊನ್ನೆ, ದುರ್ಗದಿಂದ ಬಂದ ಮೇಲೆ, ಅವ್ವನ ಕಣ್ಣು ಹೇಗಿದೆ ನೋಡಲು ರಂಗಿ ಬಂದಿದ್ದಳು. ಹೆಂಡತಿ ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು ಗೇಟಿನ ತನಕ ಬಂದಳು. ಆ ವರ್ಷದ ನಂತರ ಅವಳು ಗೇಟಿನ ಕಡೆಗೆ ಬಂದೇ ಇರಲಿಲ್ಲ, ಆ ಚಿತ್ರವನ್ನು ನೋಡಿದ್ದು ಅದೇ ಮೊದಲು. ತುಂಬ ಹೊತ್ತು ನೋಡಿದಳು. ಅವತ್ತಿನದನ್ನೆಲ್ಲ ಹೇಳಿಬಿಡೋಣ, ಸಾಹೇಬರು ಬಂದು ಕಲ್ಲಿನ ಮೇಲೆ ಕೂತದ್ದು, ಬಸ್ಸಿನಲ್ಲಿ ನಾನು ಚಳಿಯ ಮಾತಾಡಿದ್ದು, ಎಲ್ಲ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಜತೆ ಪಾಳಿಯಲ್ಲಿದ್ದ ಮಂಜ ಬಂದ, ಹೊಸ ಹುಡುಗ, ಏನೂ ಗೊತ್ತಿಲ್ಲದವನು.

"ಅಕ್ಕಾರೇ, ನೀವೇ ಅಲ್ವಾ ಫೋಟೋದಾಗಿರೋರು? ಒಂದು ನಗೋ ಮಾತು ಹೇಳ್ರಿ."

"ನಮ್ಮಣ್ಣನ್ನ ಕೇಳಪ್ಪ," ಅಂದಳು ರಂಗಿ. "ಬೀಗದ ಕೈ ಅವನತ್ರಾನೇ ಐತೆ."

ಮಂಜ ಹೊಟ್ಟೆ ಹಿಡಿದುಕೊಂಡು ನಕ್ಕ. ರಂಗಿಯೂ ನಕ್ಕಳು, ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು. ಒಳಗಿನಿಂದ ಜೀಪು ಹಾರನ್ ಹೊಡೆಯಿತು. ನಾನು ಬೀಗ ತೆಗೆದು ಗೇಟು ತಳ್ಳಿದೆ. ಅವಳ ಅರ್ಧ ಆ ಕಡೆಗೆ ಹೋಯಿತು, ನನ್ನ ಅರ್ಧ ಈ ಕಡೆಗೆ ಬಂತು. ಜೀಪಿಗೆ ದಾರಿ ಬಿಡಲು ಅವಳು ರಸ್ತೆಯ ಆಚೆ ಬದಿಗೆ ಸರಿದು ನಿಂತಳು. ಜೀಪು ದಾಟಿ ಧೂಳು ಇಳಿಯುವ ಹೊತ್ತಿಗೆ ಹಟ್ಟಿಯ ಕಡೆಗೆ ನಡೆದುಬಿಟ್ಟಿದ್ದಳು. ನಾನು ಗೇಟು ಹಾಕಿದೆ.